ಚಿನ್ನದ ಗಣಿಯಲ್ಲಿ ಕಣಗಳ ಕುಲವಿಚಾರ

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಕೋಲಾರದ ಗಣಿಗೆ ಹೋದವರೆಲ್ಲರೂ ಹೊನ್ನನ್ನರಸಿದವರಲ್ಲ. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೋ ಕಣಕ್ಕಾಗಿ ಕಾದಿದ್ದರು.

ಕಣಗಳಿಗೂ ಕುಲವುಂಟು. ಪರಮಾಣುವಿನ ಬೀಜವನ್ನು ಬಿಗಿದಿಡುವ ಪ್ರಬಲ ಶಕ್ತಿಗೆ ಒಳಪಡುವ, ಕ್ವಾರ್ಕುಗಳಿಂದಾದ ಕಣಗಳು ಹೇಡ್ರಾನುಗಳು. ಅದಕ್ಕೆ ಮಣಿಯದ ಎಲೆಕ್ಟ್ರಾನ್, ಮ್ಯೂಯಾನ್, ಟೌ ಹಾಗೂ ಇವುಗಳ ಜೊತೆಗಾರರಾದ ಮೂರು ನ್ಯೂಟ್ರಿನೋಗಳು ಲೆಪ್ಟಾನುಗಳು.

ಅಷ್ಟು ಆಳದಲ್ಲಿ, ಆಕಾಶದಿಂದ ಸುರಿಯುವ ಮ್ಯೂಯಾನುಗಳು ಅಡ್ಡಲಾಗಿ ಬರಬೇಕಾದರೆ ದಾಟಲಾರದಷ್ಟು ಬಂಡೆಯಿದೆ. ಆದ್ದರಿಂದ ಅಡ್ಡದಿಕ್ಕಿನಿಂದ ಬಂದ ಮ್ಯೂಯಾನ್, ನ್ಯೂಟ್ರಿನೋ ಬಂಡೆಗೆ ತಾಗಿ ಹುಟ್ಟಿದ ಕೂಸೆಂದೇ ತಿಳಿಯಬೇಕು. ವಾತಾವರಣದ ನ್ಯೂಟ್ರಿನೋ ಹೀಗೆ ಆ ವರ್ಷವೇ ಕೋಲಾರದಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಸಿಕ್ಕಿತು.

ಹೇಡ್ರಾನುಗಳಲ್ಲಿ ಎರಡು ಕವಲು. ಪಯಾನಿನಂಥ ಮೆಸಾನುಗಳು ಅಳಿದು ಲೆಪ್ಟಾನುಗಳಾಗಬಲ್ಲವು. ಪ್ರೋಟಾನಿನಂಥ ಬೇರಿಯಾನುಗಳ ಒಟ್ಟು ಲೆಕ್ಕ ಮಾತ್ರ ತಪ್ಪದೆಂಬುದು ನಿಯಮ. ಅದನ್ನು ಒರೆಗೆ ಹಚ್ಚಲು 1980ರಿಂದ ಕೋಲಾರದ ಗಣಿಯಲ್ಲೇ ಪ್ರೋಟಾನಿನ ಅಳಿವಿಗಾಗಿ ಕಾದರು. ಖಚಿತ ಸಾಕ್ಷ್ಯ ಜಗತ್ತಿನಲ್ಲೆಲ್ಲೂ ಇನ್ನೂ ದೊರೆತಿಲ್ಲ. ಗಣಿಯೂ 2001ರಲ್ಲಿ ಮುಚ್ಚಿತು.

ಪ್ರೋಟಾನು ಅಳಿಯುವುದೇ ನಿಜವಾದರೆ, ಮನೆಯ ಪೆಟ್ಟಿಗೆಯಲ್ಲಿರುವ ಚಿನ್ನವೂ ಶಾಶ್ವತವಲ್ಲ!