ಆಟವೋ? ಹುಡುಗಾಟವೋ?



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ಎಲ್ಲಕ್ಕಿಂತ ದಪ್ಪನೆಯದು ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಿಂದ ಬಂದದ್ದು. ಮಹಿಪತಿದಾಸರ ಕಾಖಂಡಕಿ ಎಂದರೆ ದೇವರ ಮುಂದೆ ಕುಳಿತು ಹಾಡು ಹೇಳುವ ಹಿರಿಯರಿಗೆ ಬೇಗ ತಿಳಿದೀತು. ನಾಲ್ಕು ಹಾಳೆ, ಎರಡೂ ಮಗ್ಗುಲು ಬರೆದಿದ್ದಾರೆ. ವಿಷಯ ಮಾತ್ರ ಒಂದು ಜಗಳದ್ದು.

ಈ ಸೋದರಿಯ ಮೈದುನನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಾರ ಹುಣ್ಣಿಮೆಗೆ ಊರಿಗೆ ಬಂದವನು ಊಟಕ್ಕೆ ಕೂತಾಗ, ತಾನು ಪೇಂಟ್‌ಬಾಲ್ ತಂಡದಲ್ಲಿ ಆಡುತ್ತೇನೆ, ತಾನೂ ಒಬ್ಬ ಕ್ರೀಡಾಪಟು ಎಂದನಂತೆ. ಸೋದರಿಯ ಮಗ, ಹತ್ತೊಂಬತ್ತರ ಪ್ರಾಯದವನು, ಬಾಯಲ್ಲಿದ್ದ ಹೋಳಿಗೆ ಹೊರಬರುವ ಹಾಗೆ ನಕ್ಕ. “ಬಣ್ಣ ಹೊಡಕೊಂಡು ಓಡ್ಯಾಡೋದಕ್ಕ ನಮ್ಮಲ್ಲಿ ಹೋಳಿ ಹುಣ್ಣಿವಿ ಅಂತಾರ, ಆಟ ಅನ್ನೂದಿಲ್ಲ. ಗಂಡಸಾಗಿದ್ರ ಕರಿ ದಿನಾ ಹೋರಿ ಕೊರಳಿಗೆ ಕೈ ಹಾಕು ಬಾ” ಎಂದ. ಅವನು ಹೂಂ ಎಂದ. ಆ ವರ್ಷ ಹಿರಿಯರು ಅಡ್ಡ ಬಂದು ತಡೆದರು. ಆದರೆ ಬರುವ ವರ್ಷಕ್ಕೆ ಪಣ ಹಾಗೇ ಉಳಿದಿದೆ. “ಇಬ್ಬರಾಗ ಖರೇ ಆಟಗಾರ ಯಾರು ಅನ್ನೂದು ನೀವ ಹೇಳ್ರಿ ಅಕ್ಕಾರ, ಓದಿ ತೋರಸ್ತೀನಿ. ನನಗಂತೂ ಇಬ್ಬರೂ ಕೈಕಾಲು ನೆಟ್ಟಗ ಮನಿಗೆ ಬಂದ್ರ ಸಾಕು” ಎಂದು ಕೇಳಿದ್ದಾರೆ.

ಪೇಂಟ್‌ಬಾಲ್ ಎಂದರೇನೆಂದು ಹಳ್ಳಿಯ ಸೋದರಿಯರು ಕೇಳಬಹುದು. ಗಾಳಿಯ ಒತ್ತಡದಿಂದ ಹಾರಿಸುವ ಒಂದು ಬಂದೂಕು. ಅದರೊಳಗೆ ಗುಂಡಿನ ಬದಲು ಬಣ್ಣದ ಗೋಲಿ. ಗೋಲಿಯ ಅಡ್ಡಳತೆ ಸುಮಾರು 17 ಮಿಲಿಮೀಟರ್. ಮೇಲಿನ ಸಿಪ್ಪೆ ನಾವು ನುಂಗುವ ಮಾತ್ರೆಯ ಕ್ಯಾಪ್ಸೂಲಿನ ಹಾಗೆ ಜೆಲಾಟಿನ್‌ನದು. (ಸಸ್ಯಾಹಾರದ ಮನೆಯ ಹುಡುಗರೇ, ಬಾಯಿಗೆ ಸಿಡಿದರೆ ನೆನಪಿರಲಿ!) ಮೈಗೆ ತಾಗಿ ಒಡೆದು ಬಣ್ಣ ಹತ್ತಿದರೆ ಆಟಗಾರ ಔಟು. ಸೆಕೆಂಡಿಗೆ 300 ಅಡಿಗಿಂತ ಹೆಚ್ಚು ವೇಗದಲ್ಲಿ ಹಾರಿಸಕೂಡದು ಎಂಬುದು ರೂಢಿಯ ಮಿತಿ. ಆ ವೇಗವೂ ಕಣ್ಣು ಕಳೆಯಲು ಸಾಕು. ಆದ್ದರಿಂದ ಮುಖಕ್ಕೆ ಕವಚ ಹಾಕಿಯೇ ಆಡಬೇಕು. ಬೆವರು ಬಂತು, ಮಬ್ಬಾಯಿತು ಎಂದು ಮೈದಾನದೊಳಗೆ ಅದನ್ನು ತೆಗೆಯುವಂತಿಲ್ಲ. ನಿಮ್ಮ ಮಕ್ಕಳು ಕಛೇರಿಯ ಗೆಳೆಯರೊಂದಿಗೆ ಈ ಆಟಕ್ಕೆ ಹೋಗುವವರಾದರೆ ಇದೊಂದನ್ನು ಒತ್ತಿ ಹೇಳಿ.

ಇದು ಹುಟ್ಟಿದ ಬಗೆ ಕೇಳಿದರೆ ಕಾಖಂಡಕಿಯವರಿಗೆ ನಗು ಬಂದೀತು. ಅಮೆರಿಕದಲ್ಲಿ ಈ ಬಂದೂಕನ್ನು ಮಾಡಿದ್ದು ಆಟಕ್ಕಲ್ಲ. ಕಾಡಿನಲ್ಲಿ ಕಡಿಯಬೇಕಾದ ಮರಕ್ಕೂ ದೊಡ್ಡಿಯಲ್ಲಿ ಬೇರ್ಪಡಿಸಬೇಕಾದ ದನಕ್ಕೂ ದೂರದಿಂದಲೇ ಬಣ್ಣದ ಗುರುತು ಹಾಕಲಿಕ್ಕೆ! ಕಾರ ಹುಣ್ಣಿಮೆಗೆ ನಾವು ಎತ್ತಿಗೆ ಕೈಯಿಂದ ಬಣ್ಣ ಬಳಿದು, ಕೊಂಬಿಗೆ ಕೋಡಬಳೆ ಕಟ್ಟುತ್ತೇವೆ. ಅವರು ಹತ್ತಿರ ಹೋಗಲು ಅಂಜಿ ಬಂದೂಕು ಮಾಡಿಕೊಂಡರು ಅನ್ನಿ. ಅದನ್ನು ಹಿಡಿದು 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ ಹನ್ನೆರಡು ಜನ ಕಾಡಿನೊಳಗೆ ಮೊದಲ ಆಟ ಆಡಿದರು. ಅಲ್ಲಲ್ಲಿ ನೆಟ್ಟ ಬಾವುಟಗಳನ್ನು ಕೂಡಿಸಿಕೊಂಡು ಬರುವುದು ಪಂದ್ಯ. ಗೆದ್ದವನು ಒಬ್ಬ ಅರಣ್ಯದ ಕೆಲಸಗಾರ, ಮತ್ತು ಅವನು ಒಂದೂ ಗುಂಡು ಹಾರಿಸಲಿಲ್ಲ! ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದು ಅವನ ಕಾಲಿಗೆ ದಿನನಿತ್ಯದ ರೂಢಿಯಾಗಿತ್ತು. ಬಂದೂಕು ಹಿಡಿದು ಗದ್ದಲ ಮಾಡಿದವರೆಲ್ಲ ಬಣ್ಣ ಮೆತ್ತಿಕೊಂಡು ಹೊರಬಂದರು.

ಈ ಒಂದು ಸಂಗತಿಯಲ್ಲೇ ನನ್ನ ಉತ್ತರ ಅರ್ಧ ಇದೆ. ‘ಪಟು’ ಎಂದರೆ ನಿಪುಣ. ಆಡಿದವರೆಲ್ಲ ಆಟಗಾರರು, ಆದರೆ ದೇಹವನ್ನು ಒಂದು ಕೆಲಸಕ್ಕೆಂದು ದಿನಾ ಪಳಗಿಸಿದವನು ಕ್ರೀಡಾಪಟು. ವಿಜಯಪುರದ ಕಡೆ ಪೈಲ್ವಾನ ಅನ್ನುತ್ತಾರಲ್ಲ, ಆ ಮಾತು ನನಗೆ ಇನ್ನೂ ಮೆಚ್ಚು. ಜಾತ್ರೆಯಲ್ಲಿ ಒಂದು ಕುಸ್ತಿ ಗೆದ್ದವನನ್ನು ಯಾರೂ ಪೈಲ್ವಾನ ಅನ್ನುವುದಿಲ್ಲ. ಗರಡಿಮನೆಯ ಮಣ್ಣು, ವಸ್ತಾದನ ಬೈಗುಳ, ನಸುಕಿನ ಬೈಠಕ್ಕು, ಹಾಲು ಬಾದಾಮಿಯ ಖುರಾಕು, ಹೊತ್ತಿಗೆ ಸರಿಯಾಗಿ ನಿದ್ದೆ, ಇಷ್ಟೆಲ್ಲ ಆದ ಮೇಲೆ ಆ ಹೆಸರು ಅಂಟುತ್ತದೆ.

ಉಸಿರು ಹತ್ತಿತು, ಬೆವರು ಹರಿಯಿತು ಎಂಬುದು ಸಾಕ್ಷಿಯಾಗದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ನಿಂತಲ್ಲೇ ನಿಂತು. 2024ರಲ್ಲಿ ಪ್ಯಾರಿಸ್ಸಿನಿಂದ ಎರಡು ಕಂಚು ತಂದ ಮನು ಭಾಕರ್ ಓಡಲೂ ಇಲ್ಲ, ಜಿಗಿಯಲೂ ಇಲ್ಲ. ಎದೆಯ ಬಡಿತ ಕೈಗೆ ಬಾರದಂತೆ ತಡೆಯಲು ಅವರು ಎಷ್ಟು ವರ್ಷ ಸಾಧನೆ ಮಾಡಿರಬೇಕು! ಹಾಗಿರುವಾಗ ಬಂದೂಕು ಹಿಡಿದವರು ಕ್ರೀಡಾಪಟುಗಳಲ್ಲ ಎನ್ನಲು ಬರುವುದಿಲ್ಲ. ಪರದೇಶದಲ್ಲಿ ಐದೈದು ಜನರ ಪೇಂಟ್‌ಬಾಲ್ ತಂಡಗಳು ಗಾಳಿ ತುಂಬಿದ ದಿಂಬುಗಳ ಮರೆಯಲ್ಲಿ ಓಡಿ, ಹೊರಳಿ, ಮಂಡಿಯೂರಿ ಪಂದ್ಯಾವಳಿ ಆಡುತ್ತವೆ, ಅದಕ್ಕಾಗಿ ಅಭ್ಯಾಸ ಮಾಡುತ್ತವೆ. ಅವರನ್ನು ಕ್ರೀಡಾಪಟುಗಳೆನ್ನಲು ನನಗೇನೂ ಅಡ್ಡಿಯಿಲ್ಲ. ಒಲಿಂಪಿಕ್ಸ್‌ನಲ್ಲಿ ಆ ಆಟವಿಲ್ಲ ಎಂಬುದು ದೊಡ್ಡ ಮಾತಲ್ಲ. ನಮ್ಮ ಖೋ ಖೋ, ಕಬಡ್ಡಿಗಳೂ ಅಲ್ಲಿಲ್ಲ. ಆದರೆ ತಿಂಗಳಿಗೊಂದು ಭಾನುವಾರ ದುಡ್ಡು ಕೊಟ್ಟು ಬಂದೂಕು ಬಾಡಿಗೆ ಹಿಡಿದು, ಸಂಜೆ ಬಿರಿಯಾನಿ ತಿಂದು ಮಲಗುವ ಹುಡುಗ? ಅವನು ಖುಷಿಯಾಗಿ ಆಡಿದ, ಒಳ್ಳೆಯದೇ ಆಯಿತು. ದಿನಾ ಎಷ್ಟು ಹೊತ್ತಿಗೆ ಏಳುತ್ತೀ, ಏನು ಅಭ್ಯಾಸ ಮಾಡುತ್ತೀ, ತಿದ್ದುವವರು ಯಾರು ಎಂದು ನಿಮ್ಮ ಮೈದುನನ ಮಗನನ್ನೇ ಕೇಳಿ. ಉತ್ತರದಲ್ಲಿ ತೀರ್ಪು ಇರುತ್ತದೆ.

ಇನ್ನು ನಿಮ್ಮ ಮಗನ ಮಾತಿಗೆ ಬರೋಣ. ದನದ ಜೊತೆ ಓಡುವವನು ಕ್ರೀಡಾಪಟುವೇ ಎಂಬ ಪ್ರಶ್ನೆ ಕೆಲ ವರ್ಷದ ಹಿಂದೆ ದೇಶಕ್ಕೆಲ್ಲ ಬಂದಿತ್ತು. 2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಯುವಕ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡಾಯಿತು, ಉಸೇನ್ ಬೋಲ್ಟ್‌ನ 9.58 ಮುರಿಯಿತು ಎಂದರು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಯ ಓಟಕ್ಕೆ ಕರೆಸುವುದಾಗಿ ಹೇಳಿದರು. ಆ ಯುವಕನ ವಿವೇಕ ನೋಡಿ: ಓಡಿದ ಕೀರ್ತಿ ಕೋಣಗಳಿಗೂ ಸೇರಬೇಕು ಎಂದು ಹೇಳಿ, ಪರೀಕ್ಷೆಗೆ ಹೋಗಲೊಪ್ಪಲಿಲ್ಲ. ಹಗ್ಗ ಹಿಡಿದವನನ್ನು ಕೋಣದ ವೇಗ ಮುಂದಕ್ಕೆ ಎಳೆಯುತ್ತದೆ. ಬೋಲ್ಟ್‌ನನ್ನು ಎಳೆಯುವವರು ಯಾರೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೂ ಕೆಸರಿನಲ್ಲಿ ಆ ವೇಗಕ್ಕೆ ಕಾಲು ಕೂಡಿಸಲು ವರ್ಷಗಳ ಸಾಧನೆ ಬೇಕು. ಕಂಬಳಕ್ಕೆ ಗೊತ್ತಾದ ಕರೆ ಇದೆ, ಅಳತೆ ಇದೆ, ತೀರ್ಪುಗಾರರಿದ್ದಾರೆ, ಓಟಗಾರರಿಗೆ ತರಬೇತಿಯೂ ಇದೆ. ನನ್ನ ಲೆಕ್ಕದಲ್ಲಿ ಶ್ರೀನಿವಾಸ ಗೌಡರು ಪಕ್ಕಾ ಕ್ರೀಡಾಪಟು. (2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಇಂಥ ಆಟಗಳಿಗೆ ತಡೆ ಬಂದು, 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿ, 2023ರ ಮೇ 18ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿದ ಕಥೆ ನಿಮಗೆ ಗೊತ್ತೇ ಇದೆ.)

ಕಾಖಂಡಕಿಯ ಕರಿ ಬೇರೆ ಬಗೆಯದು. ಕಾರ ಹುಣ್ಣಿಮೆಯಾದ ಏಳನೆಯ ದಿನ ಸಿಂಗರಿಸಿದ ಹೋರಿಗಳನ್ನು ಓಣಿಯಲ್ಲಿ ಬಿಡುತ್ತಾರೆ, ಹುಡುಗರು ಹಿಡಿಯಲು ಮೇಲೆ ಬೀಳುತ್ತಾರೆ, ಹೆಂಗಸರು ಮಕ್ಕಳು ಮಾಳಿಗೆ ಮೇಲೆ ನಿಂತು ನೋಡುತ್ತಾರೆ. ಬಿಳಿ ಎತ್ತು ಮುಂದಾದರೆ ಬಿಳಿಜೋಳ ಚೆನ್ನಾಗಿ ಬಂದೀತು, ಕೆಂದೆತ್ತು ಮುಂದಾದರೆ ಕೆಂಪು ಬೆಳೆ ಎಂದು ನಮ್ಮ ಊರೂರಲ್ಲೂ ಕರಿ ಹರಿಯುವಾಗ ನಂಬುತ್ತಾರೆ. ಇದು ರೈತನ ಹಬ್ಬ, ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಧೈರ್ಯವಿಲ್ಲದವರು ಆ ಓಣಿಗೆ ಇಳಿಯುವುದೂ ಇಲ್ಲ. ಆದರೆ ಸೋದರಿ, ಧೈರ್ಯ ಬೇರೆ, ತಯಾರಿ ಬೇರೆ. ವರ್ಷದಲ್ಲಿ ಒಂದು ದಿನ ಓಣಿಗೆ ಇಳಿದವನು ಉಳಿದ ದಿನ ಏನು ಮಾಡಿದ? ಅಲ್ಲಿ ಗೆರೆಯಿಲ್ಲ, ಸೀಟಿ ಊದಿ ನಿಲ್ಲಿಸುವವರಿಲ್ಲ. ಎದುರಾಳಿಯಾದ ಹೋರಿಯನ್ನು ಆಡುತ್ತೀಯಾ ಎಂದು ಯಾರೂ ಕೇಳಿಲ್ಲ. ಗಾಯಗೊಂಡವರ ಸುದ್ದಿ ಪತ್ರಿಕೆಯಲ್ಲಿ ಓದಿದ್ದು ಒಂದೆರಡು ಸಲವಲ್ಲ. ನಿಜ ಹೇಳಲೇ? ಆ ಓಣಿಯಲ್ಲಿ ವರ್ಷವಿಡೀ ಹತ್ತಿಕಾಳು, ಹಿಂಡಿ, ಹುರಳಿ ತಿಂದು ಮೈ ಹುರಿಗಟ್ಟಿಸಿಕೊಂಡು ಬಂದ ಕ್ರೀಡಾಪಟು ಇದ್ದರೆ ಅದು ಹೋರಿ!

ಪಣದ ವಿಷಯಕ್ಕೆ ನನ್ನ ಮಾತು ಇಷ್ಟು. ತೋಳಿನಲ್ಲಿ ಕಸುವಿದ್ದರೆ ನಿಮ್ಮ ಮಗ ಸಂಗ್ರಾಣಿ ಕಲ್ಲಿನ ಮುಂದೆ ನಿಲ್ಲಲಿ, ಒಳ್ಳೆಯ ವಸ್ತಾದನ ಕೈಗೆ ಸಿಗಲಿ. ಒಂದು ವರ್ಷ ಸಾಧನೆ ಮಾಡಿದ ಮೇಲೆ ಜಾತ್ರೆಯಲ್ಲಿ ಊರೆದುರು ಎತ್ತಲಿ. ಬೆಂಗಳೂರಿನವನೂ ಅಷ್ಟೇ ದಿನ ಅಭ್ಯಾಸ ಮಾಡಿ ತನ್ನ ಆಟಕ್ಕೆ ಇವನನ್ನು ಕರೆಯಲಿ. ಓಣಿಯಲ್ಲಿ ಪಟ್ಟಣದ ಹುಡುಗನನ್ನು ಹೋರಿಯೆದುರು ನಿಲ್ಲಿಸುವುದು ಪಂದ್ಯವಲ್ಲ. ಇದನ್ನು ಹಿರಿಯರ ಎದುರಿಗೇ ಓದಿ ಹೇಳಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಗಂಡುಹುಡುಗರ ಜಗಳವಲ್ಲ. ನಾಲ್ಕನೆಯ ಹಾಳೆಯ ತುದಿಯಲ್ಲಿ, ಜಾಗ ಸಾಲದೆ ಅಡ್ಡ ಬರೆದ ಎರಡು ಸಾಲು: “ಮಗಳೂ ಒಬ್ಬಾಕಿ ಅದಾಳ್ರಿ, ಪಿಯುಸಿ. ಕಾಲೇಜಿಗೆ ಸೈಕಲ್ ಮ್ಯಾಲೆ ಹೋಗ್ತಾಳ, ನಸುಕಿನ್ಯಾಗ ಎದ್ದು ಮತ್ತ ಹೊಡೀತಾಳ. ಜಿಲ್ಲಾಕ್ಕ ಆರಿಸಿ ಬಂದಾಳ. ನಮ್ಮ ಅತ್ತಿಯವರು ಚಡ್ಡಿ ಹಾಕ್ಕೊಂಡು ಹೋಗೂದು ಬ್ಯಾಡ ಅಂತಾರ.”

ನೋಡಿದಿರಾ? ಹುಡುಗರಿಬ್ಬರಿಗೆ ನಾಲ್ಕು ಹಾಳೆ, ಮಗಳಿಗೆ ಎರಡು ಸಾಲು! ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲೇ ನಸುಕಿನಲ್ಲಿ ಚಿಲಕ ತೆಗೆದು ಹೊರಗೆ ಹೋಗುತ್ತಿದೆ. ನಿಮ್ಮ ಜಿಲ್ಲೆ ಸೈಕಲ್ಲಿಗೆ ಹೆಸರಾದದ್ದು. ವಿಜಯಪುರ, ಬಾಗಲಕೋಟೆಯ ಕಡೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ವಿಜಯಪುರದಲ್ಲಿ ಸರ್ಕಾರದ ಕ್ರೀಡಾ ಇಲಾಖೆಯ ನಿಲಯದಲ್ಲಿ ಸೈಕಲ್ ತರಬೇತಿ ಕೊಡುತ್ತಾರೆ. ಆಯ್ಕೆ ಯಾವಾಗ, ಅವಳ ವಯಸ್ಸಿನವರಿಗೆ ಅವಕಾಶವಿದೆಯೇ ಎಂದು ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರ ಮೂಲಕ ಇಲಾಖೆಯಲ್ಲಿ ವಿಚಾರಿಸಿ.

ಅತ್ತೆಯವರಿಗೆ ರಾಜೇಶ್ವರಿ ಗಾಯಕವಾಡರ ಕಥೆ ಹೇಳಿ. ನಿಮ್ಮ ವಿಜಯಪುರದ ಹುಡುಗಿ. 2017ರ ಜುಲೈ 15ರಂದು ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟುಗಳನ್ನು ಬರೀ 15 ರನ್ನಿಗೆ ಕಿತ್ತಳು. ಆ ತಂಡ 79ಕ್ಕೆ ಮುಗಿಯಿತು. ಅದೇ ವರ್ಷ ನಿಮ್ಮ ಬಬಲೇಶ್ವರದ ಶಾಸಕರೂ ಆಗಿನ ಸಚಿವರೂ ಆದ ಎಂ. ಬಿ. ಪಾಟೀಲರು ಕಾರು ಕೊಡಲು ಮುಂದಾದಾಗ, ಕಾರು ಬೇಡ, ಮನೆಯವರು ಇರಲು ಒಂದು ಮನೆ ಬೇಕು ಎಂದು ಕೇಳಿದಳು. ಮಗಳ ಆಟ ಮನೆಗೆ ಏನು ತಂದೀತು ಎಂದು ಹಿರಿಯರಿಗೆ ಇದರಿಂದ ತಿಳಿಯಬಹುದು. ಉಡುಪಿನ ಮಾತಿಗೆ: ಸೈಕಲ್ ಪಂದ್ಯಕ್ಕೆ ಮೈಗಂಟಿದ ಬಟ್ಟೆಯೇ ಬೇಕು, ದೊಗಳೆ ಬಟ್ಟೆ ಸರಪಣಿಗೆ ಸಿಕ್ಕರೆ ಹುಡುಗಿ ಬೀಳುತ್ತಾಳೆ. ಅತ್ತೆಗೆ ಸಮಾಧಾನವಾಗದಿದ್ದರೆ ಅಭ್ಯಾಸಕ್ಕೆ ಕಣಕಾಲಿನ ತನಕ ಬರುವ ಬಿಗಿ ಪ್ಯಾಂಟು ತೊಡಿಸಿ.

ಹೊಟ್ಟೆಯ ಕಡೆ ಗಮನ ಕೊಡಿ. ಬರಿ ಹೊಟ್ಟೆಗೆ ಚಹಾ ಕುಡಿಸಿ ಕಳಿಸಬೇಡಿ. ಹೊರಡುವ ಮೊದಲು ಒಂದು ಬಾಳೆಹಣ್ಣೋ, ನೆನೆಸಿದ ನಾಲ್ಕು ಶೇಂಗಾ ಬೆಲ್ಲವೋ ಇರಲಿ. ಬಂದ ಮೇಲೆ ರೊಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಲ್ಯದ ಮೇಲೆ ಲಿಂಬೆ ಹಿಂಡಿ, ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಅಂಶ ಕಡಿಮೆ ಸೇರುತ್ತದೆ, ಒಂದು ತಾಸು ಬಿಡಲಿ. ಒಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಬೆಳೆಯುವ ಹುಡುಗಿಯರಲ್ಲಿ ರಕ್ತ ಕಡಿಮೆ ಇರುವುದು ಹೆಚ್ಚು, ದಣಿವನ್ನು ಅವರು ಹೇಳುವುದೂ ಇಲ್ಲ. ಮುಟ್ಟಿನ ದಿನಗಳಲ್ಲಿ ಅವಳಿಗೆ ಆದಷ್ಟೇ ಹೊಡೆಯಲಿ, ನಿಲ್ಲಿಸಲೇಬೇಕೆಂದಿಲ್ಲ. ನಸುಕಿನ ಕತ್ತಲಲ್ಲಿ ಡಾಂಬರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ: ಸೈಕಲ್ಲಿಗೆ ಹಿಂದೊಂದು ಕೆಂಪು ದೀಪ ಹಾಕಿಸಿ, ತಲೆಗೆ ಹೆಲ್ಮೆಟ್ ಕೊಡಿಸಿ, ಬ್ರೇಕು ಸರಿಯಿದೆಯೇ ಎಂದು ಅಣ್ಣನಿಗೆ ವಾರಕ್ಕೊಮ್ಮೆ ನೋಡಲು ಹೇಳಿ.