ಒಂದೇ ನಂಬರ್ ಹೇಳುವವರನ್ನ ನಂಬಬೇಡಿ

(1/6)
ಮೊದಲು ನನ್ನ ತಪ್ಪು ಒಪ್ಕೊಳ್ತೇನೆ.

ಕಳೆದ ವರ್ಷ ಒಂದು ರೀಲ್ ಸ್ಟೋರಿಗೆ ಹಾಕಿದ್ದೆ. "ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿ ನಾಣ್ಯ ಇದೆಯಾ? ಹತ್ತು ಲಕ್ಷ ನಿಮ್ಮದು!" ನನಗೆ ಅದು ತಮಾಷೆ. ಆದರೆ ಅಂಕೋಲಾದಲ್ಲಿ ಅಜ್ಜಿ ಮನೆ ಪಕ್ಕದ ಅತ್ತೆ ಅದನ್ನ ಮಗನ ಮೊಬೈಲಲ್ಲಿ ನೋಡಿದ್ರು. ಅವರ ಡಬ್ಬಿಯಲ್ಲಿ ಆ ನಾಣ್ಯ ಇತ್ತು. ರೀಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ್ರು. ಮೊದಲು "ನೋಂದಣಿ" ಅಂತ 750 ರೂಪಾಯಿ. ಆಮೇಲೆ "ಜಿಎಸ್‌ಟಿ" ಅಂತ 2,400. ಕೊನೆಗೆ "ರಿಸರ್ವ್ ಬ್ಯಾಂಕ್ ಅನುಮತಿ" ಅಂತ 3,500. ಒಟ್ಟು 6,650. ಅದು ಮೇ ತಿಂಗಳ ಬಿಸಿಲಲ್ಲಿ ರಸ್ತೆ ಬದಿ ಕೂತು ಕರಿ ಇಶಾಡ ಮಾವಿನಹಣ್ಣು ಮಾರಿ ಕೂಡಿಟ್ಟ ದುಡ್ಡು.

ಆಮೇಲೆ ಆ ನಂಬರ್ ಸ್ವಿಚ್ ಆಫ್.

ಅತ್ತೆ ನನಗೆ ಬೈಲಿಲ್ಲ. "ಕಾಲೇಜಿಗೆ ಹೋಗೋ ಹುಡುಗಿ, ಸುಳ್ಳು ಹಾಕ್ತಾಳಾ ಅಂದ್ಕಂಡೆ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ಆ ನಾಣ್ಯ 2012ರದ್ದು. ವೈಷ್ಣೋದೇವಿ ಮಂಡಳಿಯ ಬೆಳ್ಳಿಹಬ್ಬಕ್ಕೆ ಸರ್ಕಾರ ಬಿಟ್ಟಿದ್ದು. ಅಂಗಡಿಗೆ ಕೊಟ್ರೆ ಅದು ಐದು ರೂಪಾಯಿ. ಹಳೆ ನೋಟು, ನಾಣ್ಯ ಕೊಳ್ತೇವೆ ಅಂತ ನಮ್ಮ ಹೆಸರಲ್ಲಿ ಶುಲ್ಕ ಕೇಳೋದು ಮೋಸ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಹೇಳಿತ್ತು. ಅದನ್ನ ನಾವ್ಯಾರೂ ಸ್ಟೋರಿಗೆ ಹಾಕಲಿಲ್ಲ.

(2/6)
ಈಗ ಇನ್ನೊಂದು ತರದ ಮೋಸ.

ನಮ್ಮಜ್ಜಿ ಡಬ್ಬಿಯಲ್ಲಿ ಒಂದು ದಪ್ಪ ತಾಮ್ರದ ನಾಣ್ಯ ಇದೆ. ಒಂದು ಬದಿ ಆನೆ, ಇನ್ನೊಂದು ಬದಿ ಪಾರ್ಸಿ ಅಕ್ಷರ. ಟಿಪ್ಪು ಕಾಲದ ಪೈಸೆ. ಈ ಕರಾವಳಿ ಹೈದರ್, ಟಿಪ್ಪು ಆಳ್ವಿಕೆಯಲ್ಲಿ ಇದ್ದದ್ದೇ, ಹಾಗಾಗಿ ಸಿಗೋದು ಆಶ್ಚರ್ಯ ಅಲ್ಲ. ಅದನ್ನ ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಅವರು ತಕ್ಕಡಿ ಮೇಲಿಟ್ರು. ಹನ್ನೊಂದು ಗ್ರಾಂ. "ತಾಮ್ರದ ಲೆಕ್ಕಕ್ಕೆ ಹತ್ತು ರೂಪಾಯಿ. ಹಳೇದು ಅಂತ ಐವತ್ತು ಕೊಡ್ತೇನೆ" ಅಂದ್ರು.

ಒಬ್ಬ ಐದು ರೂಪಾಯಿಗೆ ಹತ್ತು ಲಕ್ಷ ಅಂತಾನೆ. ಇನ್ನೊಬ್ಬ ಇನ್ನೂರು ವರ್ಷ ದಾಟಿದ್ದಕ್ಕೆ ಐವತ್ತು ಅಂತಾನೆ. ನನ್ನ ವಾದ ಇಷ್ಟೇ: ಇವರಿಬ್ಬರದ್ದೂ ಒಂದೇ ದಂಧೆ. ಬೆಲೆಪಟ್ಟಿ ಇಲ್ಲದ ಜಾಗದಲ್ಲಿ ನಿಂತು, ಕಾರಣ ಕೊಡದೆ, ಗಟ್ಟಿಯಾಗಿ ಒಂದು ನಂಬರ್ ಹೇಳೋದು.

(3/6)
"ಬೆಲೆಪಟ್ಟಿ ಇಲ್ಲ ಅಂದ್ಮೇಲೆ ಯಾರು ಏನು ಹೇಳಿದ್ರೂ ಅದೇ ಬೆಲೆ ಅಲ್ವಾ?" ಅಂತ ನಮ್ಮ ಕ್ಲಾಸಲ್ಲೇ ಒಬ್ಬ ಕೇಳಿದ. ಅಲ್ಲ ಮಾರಾಯ. ನೀನೂ ಬಿಕಾಂ.

ಬೈತಖೋಲ್ ಬಂದರಿಗೆ ಬೆಳಿಗ್ಗೆ ಹೋಗಿ ನೋಡಿ. ಬಂಗಡೆಯ ಇವತ್ತಿನ ರೇಟು ಎಲ್ಲರಿಗೂ ಗೊತ್ತು. ಅಪರೂಪದ ಒಂದು ಮೀನು ಬಂತು ಅಂದ್ಕೊಳ್ಳಿ. ಆಗ ಅದೇ ಗಾತ್ರದ ಇಸ್ವಾಣ ಎಷ್ಟಕ್ಕೆ ಹೋಯ್ತು, ಇದನ್ನ ತಿನ್ನುವವರು ಎಷ್ಟು ಮಂದಿ ಅಂತ ನೋಡಿ ಕೂಗು ಶುರು ಮಾಡ್ತಾರೆ. ಯಾರೂ ನೋಡೇ ಇಲ್ಲದ ಮೀನು ಬಂದ್ರೆ ಊಹೆ. ಆದರೆ ಊಹೆಗೂ ಒಂದು ಆಧಾರ ಇರ್ತದೆ.

ನಮ್ಮ ಅಕೌಂಟಿಂಗಲ್ಲಿ ಇದಕ್ಕೆ ಹೆಸರೇ ಇದೆ. ಇಂಡ್ ಎಎಸ್ 113, ನ್ಯಾಯಬೆಲೆಯ ಮೂರು ಹಂತ. ಮೊದಲ ಹಂತ, ಅದೇ ವಸ್ತುವಿಗೆ ಚಾಲ್ತಿ ಮಾರುಕಟ್ಟೆಯಲ್ಲಿರುವ ಬೆಲೆ. ಎರಡನೇದು, ಅಂಥದ್ದೇ ವಸ್ತುವಿನ ಬೆಲೆ ಮತ್ತು ಕಣ್ಣಿಗೆ ಕಾಣೋ ಬೇರೆ ಮಾಹಿತಿ. ಮೂರನೇದು, ಮಾರುಕಟ್ಟೆಯಲ್ಲಿ ಕಾಣದ್ದನ್ನ ನಾವೇ ಅಂದಾಜು ಮಾಡೋದು. ಮೂರನೇ ಹಂತಕ್ಕೆ ಇಳಿದಷ್ಟೂ "ಹೇಗೆ ಲೆಕ್ಕ ಹಾಕಿದೆ" ಅಂತ ಜಾಸ್ತಿ ಬಿಡಿಸಿ ಹೇಳಬೇಕು. ರೀಲಿನವ ಮಾಡೋದು ಉಲ್ಟಾ. ಆಧಾರ ಕಮ್ಮಿ ಆದಷ್ಟೂ ಅವನ ದನಿ ಜೋರು.

(4/6)
ನಮ್ಮೂರಿನದ್ದೇ ಉದಾಹರಣೆ ಕೊಡ್ತೇನೆ. ಇದು ಎಷ್ಟು ಜನಕ್ಕೆ ಗೊತ್ತೋ.

ನಾಣ್ಯಶಾಸ್ತ್ರದ ಪುಸ್ತಕದಲ್ಲಿ ಕಾರವಾರದ ಹೆಸರು ನೂರು ವರ್ಷದಿಂದ ಇದೆ. ಬ್ರಿಟಿಷ್ ಮ್ಯೂಸಿಯಂ 1908ರಲ್ಲಿ ಪ್ರಕಟಿಸಿದ ರ‍್ಯಾಪ್ಸನ್ನರ ಕ್ಯಾಟಲಾಗಿನಲ್ಲಿ ಕಾರವಾರ ಕಡೆ ಸಿಕ್ಕ ದೊಡ್ಡ ಸೀಸದ ನಾಣ್ಯಗಳಿವೆ. ಒಂದು ಬದಿ ಕಮಾನು ಕಮಾನಾಗಿ ಪೇರಿಸಿದ ಬೆಟ್ಟ, ಇನ್ನೊಂದು ಬದಿ ಬೇಲಿಯೊಳಗಿನ ಮರ. ಬ್ರಾಹ್ಮಿ ಲಿಪಿಯಲ್ಲಿ ರಾಜರ ಹೆಸರು: ಚುಟುಕುಲಾನಂದ, ಮುಳಾನಂದ. ಬನವಾಸಿಯ ಚುಟು ವಂಶದ ಜೊತೆ ಸೇರಿಸಿ ಹೇಳುವ ನಾಣ್ಯಗಳು ಇವು. ಹತ್ತಿರ ಹತ್ತಿರ 1,800 ವರ್ಷ ಹಳೇದು.

ಆ ಕ್ಯಾಟಲಾಗಿನಲ್ಲಿ ವರ್ಣನೆ ಇದೆ, ಬೆಲೆ ಇಲ್ಲ. ಬೆಲೆ ಹಾಕುವ ಕ್ರೌಸ್ ಪುಸ್ತಕಗಳು ಶುರುವಾಗೋದೇ 1601ರಿಂದ. ಹಾಗಾದ್ರೆ ಇದರ ಬೆಲೆ ಎಷ್ಟು?

ಸೀಸದ ತೂಕ ಹಿಡಿದ್ರೆ ಎರಡು-ಮೂರು ರೂಪಾಯಿ. "1,800 ವರ್ಷ ಹಳೇದು, ಕೋಟಿ ಬರ್ತದೆ" ಅಂದ್ರೆ ಅದೂ ಸುಳ್ಳು. ವಯಸ್ಸೇ ಬೆಲೆ ಆಗೋದಿಲ್ಲ. ನಾಲ್ಕನೇ ಶತಮಾನದ ರೋಮನ್ ಚಿಲ್ಲರೆ ಕಾಸು ರಾಶಿ ರಾಶಿ ಸಿಕ್ಕಿರೋದ್ರಿಂದ ಇವತ್ತಿಗೂ ಅಗ್ಗಕ್ಕೇ ಸಿಗ್ತದೆ. ಅಮೆರಿಕದ 1933ರ ಒಂದು ಚಿನ್ನದ ನಾಣ್ಯ 2021ರಲ್ಲಿ 1.88 ಕೋಟಿ ಡಾಲರಿಗೆ ಹೋಯ್ತು, ಯಾಕಂದ್ರೆ ಖಾಸಗಿಯವರು ಕಾನೂನು ಪ್ರಕಾರ ಇಟ್ಕೊಳ್ಳಬಹುದಾದದ್ದು ಅದೊಂದೇ, ಬೇಕು ಅನ್ನುವ ಶ್ರೀಮಂತರು ಹಲವರು. ಅಪರೂಪ ಅನ್ನೋದು ಅರ್ಧ ಲೆಕ್ಕ. ಬೇಕು ಅನ್ನುವವರು ಎಷ್ಟು ಮಂದಿ ಅನ್ನೋದು ಉಳಿದರ್ಧ.

ಇನ್ನೊಂದು ಮಾತು. ಇಂಥದ್ದು ಗದ್ದೆ ಅಗೆಯುವಾಗ ಸಿಕ್ಕಿದ್ರೆ ಬೆಲೆ ಕೇಳ್ತಾ ತಿರುಗಬೇಡಿ. ನಿಧಿ ಅಂದ್ರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಇದು 1972ರ ಕಾಯ್ದೆ.

(5/6)
ಹಾಗಾದ್ರೆ ಹೇಗೆ ಅಂದಾಜು ಮಾಡೋದು? ಅಜ್ಜಿಯ ಆನೆ ಪೈಸೆಗೆ ನಾನು ಮಾಡಿದ್ದು ಇದು.

ಒಂದು, ಗುರುತು. ತೂಕ, ಅಗಲ, ಹಗಲು ಬೆಳಕಲ್ಲಿ ಎರಡೂ ಬದಿಯ ಫೋಟೊ. ಪಾರ್ಸಿ ಬದಿಯಲ್ಲಿ ಟಂಕಸಾಲೆಯ ಹೆಸರು ಇರ್ತದೆ. ಪಟ್ಟಣದ್ದು ಸಾಮಾನ್ಯ, ಕೆಲವು ಊರಿನವು ಅಪರೂಪ. ಅಜ್ಜಿಯದ್ದರಲ್ಲಿ ಆ ಹೆಸರೇ ಅರ್ಧ ಸವೆದಿದೆ. ಅಂದ್ರೆ ಪುಸ್ತಕದಲ್ಲಿ ಆನೆ ಪೈಸೆಗೆ ಬೆಲೆ ಸಿಕ್ಕಿದ್ರೂ ನಮ್ಮ ಆನೆಗೆ ಸಿಗೋದಿಲ್ಲ.

ಎರಡು, ಸ್ಥಿತಿ. ದೀಪಾವಳಿಗೆ ಅಜ್ಜಿ ಅದನ್ನ ಹುಣಸೆಹಣ್ಣು ಹಾಕಿ ತಿಕ್ಕಿದ್ರು. ಫಳಫಳ ಹೊಳೀತು, ಬೆಲೆ ಬಿತ್ತು. ಹಳೆ ತಾಮ್ರದ ಕಂದು ಪದರ ಕೊಳೆ ಅಲ್ಲ, ಸಂಗ್ರಾಹಕರಿಗೆ ಅದೇ ಬೇಕು. ದಯವಿಟ್ಟು ತಿಕ್ಕಬೇಡಿ.

ಮೂರು, ಮಾರಾಟ ಆದ ಬೆಲೆ. ಆ್ಯಪಿನಲ್ಲಿ ಕೇಳ್ತಿರೋ ಬೆಲೆ ಅಲ್ಲ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ. ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಬೆಲೆ ಹಾಕ್ತವೆ, ಬೆಂಗಳೂರಲ್ಲೇ ಮರುಧರ್ ಆರ್ಟ್ಸ್ ಇದೆ. ಅಲ್ಲೂ ಎಚ್ಚರ. ಲೆಕ್ಕಕ್ಕೆ ಹೇಳೋದಾದ್ರೆ, ಸುತ್ತಿಗೆ 1,000ಕ್ಕೆ ಬಿತ್ತು. ಕೊಂಡವನು ಪ್ರೀಮಿಯಂ ಸೇರಿ 1,200 ಕೊಡ್ತಾನೆ, ಮಾರಿದವನಿಗೆ ಕಮಿಷನ್ ಕಳೆದು 900 ಸಿಗ್ತದೆ. ಒಂದೇ ನಾಣ್ಯ, ಒಂದೇ ದಿನ, ಮೂರು ಬೆಲೆ.

ನಾಲ್ಕು, ನೆರೆಹೊರೆ. ಸರಿಯಾಗಿ ಅದೇ ನಾಣ್ಯ ಮಾರಿದ ದಾಖಲೆ ಇಲ್ಲದಿದ್ರೆ ಅದೇ ಕಾಲ, ಅದೇ ಲೋಹ, ಅದೇ ಸವೆತದ್ದು ನೋಡಿ. ನಮ್ಮದು ಅದಕ್ಕಿಂತ ಮೇಲಾ ಕೆಳಗಾ ಅಂತ ಬರೀರಿ.

ಐದು, ವ್ಯಾಪ್ತಿ. ನನ್ನ ನೋಟ್‌ಬುಕ್ಕಲ್ಲಿ ಇರೋದು: "400ರಿಂದ 1,500. ಟಂಕಸಾಲೆ ಸಾಮಾನ್ಯದ್ದಾದ್ರೆ, ತಿಕ್ಕಿದ ಕಾರಣ, ಕೆಳಗಿನದು. ಅಪರೂಪದ್ದು ಅಂತ ಓದಿಸಿದ್ರೆ ಮೇಲಿನದು." ಇಷ್ಟು ಅಗಲ ಯಾಕೆ ಅಂತ ನಗಬೇಡಿ. ಗೊತ್ತಿಲ್ಲದ್ದು ಎಷ್ಟೋ ಅಷ್ಟು ಅಗಲ. ನಾಳೆ ಎಲ್ಲೋ ಒಂದು ಮಡಕೆ ತುಂಬ ಇವೇ ಸಿಕ್ಕಿದ್ರೆ ಅದೂ ಬದಲಾಗ್ತದೆ.

(6/6)
"ಇಷ್ಟೆಲ್ಲ ಮಾಡಿ 400 ರೂಪಾಯಿಯಾ?" ಅಂತೀರಿ. ಹೌದು. ಆದರೆ ಇಷ್ಟು ಗೊತ್ತಿದ್ದವರು ಐವತ್ತಕ್ಕೆ ಮಾರೋದಿಲ್ಲ, 6,650 ಕಳ್ಕೊಳ್ಳೋದೂ ಇಲ್ಲ. 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ ದರ್ಬಾರ್ ನಾಣ್ಯ ಲಕ್ಷಕ್ಕೆ ಅಂತ ಯಾರಾದ್ರೂ ತೋರಿಸಿದ್ರೆ ಅದಕ್ಕೂ ಮರುಳಾಗೋದಿಲ್ಲ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ.

ಮುಂದಿನ ಸಲ ಅಂಥ ರೀಲ್ ಬಂದಾಗ ಕೇಳಿ: ಇದೇ ನಾಣ್ಯ ಯಾವಾಗ, ಎಲ್ಲಿ, ಎಷ್ಟಕ್ಕೆ ಮಾರಿತ್ತು? ಉತ್ತರ ಇಲ್ಲದಿದ್ರೆ ಶೇರ್ ಮಾಡಬೇಡಿ, ತಮಾಷೆಗೂ ಬೇಡ. ನಿಮಗೆ ತಮಾಷೆ ಅಂತ ಗೊತ್ತು, ಹಿಂದಿನಿಂದ ನೋಡ್ತಿರೋ ಅತ್ತೆಗೆ ಗೊತ್ತಿಲ್ಲ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅಂಕೋಲಾದವರಿಗೆ ಈ ನಂಬರ್ ಮರೆಯೋದಿಲ್ಲ, ಉಪ್ಪಿನ ಸತ್ಯಾಗ್ರಹದ ಇಸವಿ. ನಾವು ಫೋನ್ ಮಾಡುವಾಗ ಹನ್ನೊಂದು ದಿನ ಕಳೆದಿತ್ತು.

ಟ್ಯೂಷನ್ ಹೇಳಿದ ದುಡ್ಡಲ್ಲಿ ಅತ್ತೆಗೆ 2,000 ಕೊಡೋಕೆ ಹೋದೆ. ತಗೊಳ್ಳಲಿಲ್ಲ. ಅಜ್ಜಿ ಕೈಲಿ ಕೊಡಿಸಿದೆ. ಇನ್ನು 4,650 ಬಾಕಿ. ನನ್ನ ಪುಸ್ತಕದಲ್ಲಿ ಖಚಿತವಾಗಿ ಒಂದೇ ನಂಬರ್ ಇರೋದು ಅದಕ್ಕೆ ಮಾತ್ರ.

#ಕಾರವಾರ #ಅಂಕೋಲಾ #ಹಳೆನಾಣ್ಯ #ಶೇರ್‌ಮಾಡೋಮುಂಚೆ