ಬಿಳಿ ರಕ್ತಕಣದ ಹೊಟ್ಟೆಯಲ್ಲಿ ಚಿನ್ನದ ಕಣ

ಕ್ಯಾನ್ಸರ್ ಗಡ್ಡೆಯನ್ನು ಶಾಖದಿಂದ ನಾಶಮಾಡುವ ಚಿಕಿತ್ಸೆಯ ಬಗ್ಗೆ ನೀವು ಕೇಳಿರಬಹುದು. ಜೀವಕೋಶವನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕೆಲವು ನಿಮಿಷ ಹಾಗೆಯೇ ಇಟ್ಟರೆ ಅದರೊಳಗಿನ ಪ್ರೋಟೀನುಗಳು ಕೆಟ್ಟು ಕೋಶ ಸಾಯುತ್ತದೆ. ಕಷ್ಟವಿರುವುದು ಸುಡುವುದರಲ್ಲಲ್ಲ, ಅಕ್ಕಪಕ್ಕದ ಆರೋಗ್ಯವಂತ ಅಂಗಾಂಶವನ್ನು ಉಳಿಸಿಕೊಂಡು ಗಡ್ಡೆಯನ್ನು ಮಾತ್ರ ಸುಡುವುದರಲ್ಲಿ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಮತ್ತು ಜೆನಿಫರ್ ವೆಸ್ಟ್ ಅವರ ತಂಡ 2003ರಲ್ಲಿ ಇದಕ್ಕೊಂದು ದಾರಿ ತೋರಿಸಿತು. ಸಿಲಿಕಾದ ಅತಿ ಸೂಕ್ಷ್ಮ ಗುಂಡಿಗೆ ಚಿನ್ನದ ತೆಳು ಲೇಪ ಕೊಟ್ಟ ನ್ಯಾನೊ ಕಣಗಳಿವು. ತಲೆಗೂದಲಿನ ದಪ್ಪಕ್ಕಿಂತ ನೂರಾರು ಪಾಲು ಚಿಕ್ಕವು. ಅವಕೆಂಪು ಲೇಸರ್ ಬೆಳಕು ಬಿದ್ದಾಗ ಅದನ್ನು ಹೀರಿಕೊಂಡು ಬಿಸಿಯಾಗುತ್ತವೆ. ಚಿನ್ನ ಎಂದೊಡನೆ ಸ್ವರ್ಣಭಸ್ಮ ನೆನಪಾಗುವುದು ಸಹಜ. ಆದರೆ ಇಲ್ಲಿ ಚಿನ್ನ ಔಷಧಿಯಲ್ಲ, ಬೆಳಕನ್ನು ಶಾಖವಾಗಿಸುವ ಲೋಹ ಅಷ್ಟೇ.

ರಕ್ತಕ್ಕೆ ಸೇರಿಸಿದ ಕಣಗಳು ಗಡ್ಡೆಯನ್ನು ತಲುಪಬೇಕಲ್ಲ? ಟೊರಾಂಟೊದ ಸಂಶೋಧಕರು ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕಹಾಕಿದಾಗ, ತಲುಪುವ ಮಧ್ಯಮ ಪ್ರಮಾಣ ಶೇ. 0.7 ಎಂದು ತಿಳಿಯಿತು. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ನುಂಗಿಬಿಡುತ್ತವೆ.

ಹಾಗಾದರೆ ನುಂಗುವವರನ್ನೇ ಹೊರೆಯಾಳುಗಳನ್ನಾಗಿ ಮಾಡಿದರೆ ಹೇಗೆ? ರಕ್ತನಾಳ ಸರಿಯಾಗಿ ತಲುಪದ, ಆಮ್ಲಜನಕ ಕಡಿಮೆಯಿರುವ ಗಡ್ಡೆಯ ಒಳಭಾಗಕ್ಕೂ ಈ ಬಿಳಿ ರಕ್ತಕಣಗಳು ನುಗ್ಗಬಲ್ಲವು. ಇಂಡಿಯಾನಾ ವಿಶ್ವವಿದ್ಯಾಲಯದ ಸೂಸನ್ ಕ್ಲೇರ್, ಹಾಲಸ್ ಮತ್ತು ಸಂಗಡಿಗರು 2007ರಲ್ಲಿ ಇಂಥ ಕೋಶಗಳಿಗೆ ಚಿನ್ನದ ಕಣ ತಿನ್ನಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಉಂಡೆಗಳೊಳಗೆ ಅವು ಹೊಕ್ಕದ್ದನ್ನು ತೋರಿಸಿದರು. ಬೆಳಕು ಹಾಯಿಸಿದಾಗ ಕೋಶಗಳು ಸತ್ತವು.

ಉಪಾಯ ಜಾಣತನದ್ದು, ಅನುಮಾನವಿಲ್ಲ. ಆದರೆ ಈ ಕೋಶಗಳು ಗಾಯ, ಉರಿಯೂತ ಇದ್ದಲ್ಲಿಗೂ ಹೋಗುತ್ತವೆ. ಕೆಲವು ಗಡ್ಡೆಗಳು ಇವನ್ನೇ ಒಲಿಸಿಕೊಂಡು ಬೆಳೆಯುತ್ತವೆ. ಲೇಸರ್ ಬೆಳಕೂ ದೇಹದ ಬಹಳ ಆಳಕ್ಕೆ ಇಳಿಯುವುದಿಲ್ಲ. 2019ರಲ್ಲಿ ನ್ಯೂಯಾರ್ಕಿನ ವೈದ್ಯರು 16 ಮಂದಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಚಿನ್ನದ ಕಣದ ಶಾಖಚಿಕಿತ್ಸೆ ಕೊಟ್ಟ ವರದಿ ಆಶಾದಾಯಕವಾಗಿತ್ತು. ಅಲ್ಲಿ ಕಣಗಳನ್ನು ನೇರವಾಗಿ ರಕ್ತನಾಳಕ್ಕೆ ಕೊಡಲಾಗಿತ್ತು, ಭಕ್ಷಕ ಕೋಶಗಳ ಮೇಲೆ ಹೊರಿಸಿರಲಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದಾಗ ಪತ್ರಿಕೆಯ ತುಣುಕೊಂದನ್ನು ಹಿಡಿದು ಹೊಸ ಚಿಕಿತ್ಸೆಗಾಗಿ ಅಲೆಯುವವರಿದ್ದಾರೆ. ಆ ಅಲೆದಾಟದಲ್ಲಿ ಕಳೆಯುವ ತಿಂಗಳುಗಳಲ್ಲಿ, ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ಗಡ್ಡೆ ಕೈಮೀರಿ ಬೆಳೆಯಬಹುದು. ಸಂಶೋಧನೆಗೆ ಪ್ರೋತ್ಸಾಹ ಬೇಕು, ನಿಜ. ಆದರೆ ಪ್ರಯೋಗಾಲಯದ ಸುದ್ದಿಯನ್ನು ಆಸ್ಪತ್ರೆಯ ಚಿಕಿತ್ಸೆಯೆಂದು ನಂಬಿ, ವೈದ್ಯರು ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯನ್ನಾಗಲಿ ವಿಕಿರಣವನ್ನಾಗಲಿ ಮುಂದೂಡಬೇಡಿ.

ಯಾರಾದರೂ ಇಂಥ ಚಿಕಿತ್ಸೆ ಕೊಡುತ್ತೇವೆಂದರೆ ಮೊದಲು ಕೇಳಿ: ಇದು ಪ್ರಯೋಗವೇ, ಒಪ್ಪಿಗೆ ಪಡೆದ ಚಿಕಿತ್ಸೆಯೇ? ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಎಷ್ಟು? 2009ರಿಂದ ಈ ನೋಂದಣಿ ಕಡ್ಡಾಯ, ಸಾರ್ವಜನಿಕರೂ ನೋಡಬಹುದು. ಸಂಖ್ಯೆ ಹೇಳಲು ತಡವರಿಸುವವರ ಬಳಿ ನಿಮ್ಮವರನ್ನು ಒಪ್ಪಿಸಬೇಡಿ.